ಮೂರು ತಿಂಗಳೋ, ಮೂರು ಮುಟ್ಟೋ?

ಪ್ರಶ್ನೆ: ತಂಗಿಗೆ ತಲಾಕ್ ಆಗಿ ಮೂರು ತಿಂಗಳು ಕಳೆಯಿತು. ಏಳು ತಿಂಗಳ ಕೂಸಿಗೆ ಎದೆಹಾಲು ಕೊಡುತ್ತಿದ್ದಾಳೆ, ಹೆರಿಗೆಯ ಮೇಲೆ ಒಮ್ಮೆಯೂ ಮುಟ್ಟಾಗಿಲ್ಲ. ಒಳ್ಳೆಯ ಸಂಬಂಧ ಬಂದಿದೆ. ಇದ್ದತ್ (ಮರುಮದುವೆಗೆ ಮುನ್ನ ಹೆಣ್ಣು ಕಾಯಬೇಕಾದ ಅವಧಿ) ಮುಗಿಯಿತು ಎನ್ನುತ್ತಾರೆ ಮನೆಯವರು. ನಿಕಾಹ್ ಮಾಡಬಹುದೇ?
– ಓದುಗರು, ದಾವಣಗೆರೆ

ಉತ್ತರ: ಅವಸರ ಬೇಡ. ಇದ್ದತ್ ಎಂದರೆ ಮೂರು ತಿಂಗಳು ಎನ್ನುವುದು ಬಾಯಿಂದ ಬಾಯಿಗೆ ಬಂದ ಲೆಕ್ಕ. ಮುಟ್ಟಾಗುವ ವಯಸ್ಸಿನವರಿಗೆ ಕುರ್‌ಆನ್ (2:228) ಹೇಳುವುದು ಮೂರು 'ಕುರೂ', ಅಂದರೆ ಮುಟ್ಟಿನ ಚಕ್ರದ ಎಣಿಕೆ. ತಿಂಗಳ ಲೆಕ್ಕ (65:4) ವಯಸ್ಸಾಗಿ ಮುಟ್ಟು ನಿಂತವರಿಗೆ, ಮುಟ್ಟೇ ಕಾಣದವರಿಗೆ. ಅದೂ ಚಾಂದ್ರಮಾನದ ತಿಂಗಳು. ನಿಮ್ಮ ತಂಗಿಗೆ ಮುಟ್ಟು ತಡವಾಗಿದೆ ಅಷ್ಟೆ, ನಿಂತಿಲ್ಲ. ಹಾಗಾಗಿ ಹನಫಿ ಪದ್ಧತಿಯಲ್ಲಿ (ಸುನ್ನಿಗಳ ಒಂದು ಧರ್ಮಶಾಸ್ತ್ರ ಪಂಥ) ಮುಟ್ಟು ಮರಳಿ ಬಂದು ಮೂರು ಪೂರ್ತಿ ಆಗುವವರೆಗೆ ಕಾಯಬೇಕು. ತಲಾಕ್ ಹೊತ್ತಿಗೆ ಗರ್ಭಿಣಿಯಾಗಿದ್ದರೆ ಹೆರಿಗೆಗೇ ಇದ್ದತ್ ಮುಗಿಯುತ್ತಿತ್ತು. ಇಲ್ಲಿ ಹೆರಿಗೆ ಮೊದಲೇ ಆಗಿದೆ.

'ಕುರೂ' ಎಣಿಸುವುದರಲ್ಲೇ ಎರಡು ದಾರಿ. ಹನಫಿಗಳಿಗೆ ಅದು ಮುಟ್ಟು. ಮುಟ್ಟಿನ ದಿನಗಳಲ್ಲೇ ತಲಾಕ್ ಹೇಳಿದ್ದರೆ ಆ ಮುಟ್ಟು ಲೆಕ್ಕಕ್ಕಿಲ್ಲ, ಮುಂದಿನ ಮೂರು ಬೇಕು. ಕರಾವಳಿಯ ನವಾಯತರು, ಬ್ಯಾರಿಗಳು ಹೆಚ್ಚಾಗಿ ಶಾಫಿ ಎಂಬ ಇನ್ನೊಂದು ಪಂಥದವರು. ಅವರಿಗೆ ಅದು ಎರಡು ಮುಟ್ಟುಗಳ ನಡುವಿನ ಶುದ್ಧಿಯ ಕಾಲ. ಶುದ್ಧಿಯಲ್ಲಿದ್ದಾಗ ತಲಾಕ್ ಆದರೆ ಆ ಶುದ್ಧಿಯ ಉಳಿದ ಕೆಲವೇ ದಿನಗಳೂ ಒಂದು 'ಕುರೂ' ಆಗುತ್ತದೆ, ಮೂರನೇ ಮುಟ್ಟು ಕಾಣುತ್ತಿದ್ದಂತೆ ಇದ್ದತ್ ಮುಗಿಯುತ್ತದೆ. ಭಟ್ಕಳದ ಶಾಫಿ ಲೆಕ್ಕವನ್ನು ದಾವಣಗೆರೆಯ ಹನಫಿಗಳಿಗೆ ತಂದರೆ ಎಡವಟ್ಟಾಗುವುದು ಇಲ್ಲೇ. ತಲಾಕ್ ಹೇಳಿದ ತಾರೀಕು, ಆಮೇಲಿನ ಪ್ರತಿ ಮುಟ್ಟಿನ ತಾರೀಕು ಬರೆದಿಟ್ಟು ಖಾಜಿಯವರಿಗೆ ತೋರಿಸಿ.

ದುಡುಕಿದರೆ ಏನಾಗುತ್ತದೆ? ಇದ್ದತ್‌ನೊಳಗಿನ ನಿಕಾಹ್ ನಮ್ಮ ನ್ಯಾಯಾಲಯಗಳ ಕಣ್ಣಿಗೆ 'ಫಾಸಿದ್', ಅಂದರೆ ದೋಷಯುಕ್ತ. ಇನ್ನೊಂದು ತೊಡಕು: ಒಂದೇ ಬಾರಿ ಹೇಳಿದ, ಹಿಂಪಡೆಯಬಹುದಾದ ತಲಾಕ್ ಆಗಿದ್ದರೆ ಇದ್ದತ್ ಮುಗಿಯುವವರೆಗೂ ಗಂಡ ರುಜೂ ಮಾಡಿಕೊಳ್ಳಬಹುದು, ಅಂದರೆ ತಲಾಕ್ ಹಿಂಪಡೆದು ಹೆಂಡತಿಯನ್ನು ಮರಳಿ ಸೇರಿಸಿಕೊಳ್ಳಬಹುದು. ಒಂದೇ ಉಸಿರಿನಲ್ಲಿ ಮೂರು ಹೇಳಿದ್ದರಂತೂ 2019ರ ಮುಸ್ಲಿಂ ಮಹಿಳೆಯರ (ವಿವಾಹ ಹಕ್ಕುಗಳ ರಕ್ಷಣೆ) ಕಾಯ್ದೆಯಡಿ ಆ ತಲಾಕೇ ಅಸಿಂಧು, ಆಗ ಮೊದಲ ಮದುವೆ ಇನ್ನೂ ಉಳಿದಿದೆ. ಇದನ್ನು ಮೊದಲು ಖಚಿತಪಡಿಸಿಕೊಳ್ಳಿ.

ದುಡ್ಡಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು. 1986ರ ಮುಸ್ಲಿಂ ಮಹಿಳೆಯರ (ವಿಚ್ಛೇದನ ಹಕ್ಕುಗಳ ರಕ್ಷಣೆ) ಕಾಯ್ದೆಯಂತೆ ಇದ್ದತ್ ಅವಧಿಯೊಳಗೆ ಗಂಡ ನ್ಯಾಯಯುತ ಏರ್ಪಾಡು ಮಾಡಿಕೊಡಬೇಕು. ಆ ಏರ್ಪಾಡು ಇದ್ದತ್‌ನ ದಿನಗಳಿಗಷ್ಟೇ ಅಲ್ಲ, ಮುಂದಿನ ಬದುಕಿಗೂ ಸಾಲಬೇಕು ಎಂದು 2001ರಲ್ಲಿ ಡ್ಯಾನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಹರ್ (ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಬೇಕಾದ ವಧುಧನ) ಬೇರೆ, ಅದೂ ಬಾಕಿಯಿದ್ದರೆ ಕೇಳಿ.

ಪ್ರಶ್ನೆ: ಹಿಂದೂ ವಿವಾಹ ಕಾಯ್ದೆಯಡಿ ಕೌಟುಂಬಿಕ ನ್ಯಾಯಾಲಯದಲ್ಲಿ ಕಳೆದ ವಾರ ವಿಚ್ಛೇದನ ಸಿಕ್ಕಿತು. ಕಲ್ಯಾಣ ಮಂಟಪ ಬುಕ್ ಮಾಡಲು ಎಷ್ಟು ದಿನ ಕಾಯಬೇಕು?
– ಓದುಗರು, ಮೈಸೂರು

ಉತ್ತರ: ಇಬ್ಬರೂ ಒಪ್ಪಿ ಪಡೆದದ್ದಾದರೆ ಕಾಯಬೇಕಿಲ್ಲ. ಒಪ್ಪಿಗೆಯ ಡಿಕ್ರಿಗೆ (ನ್ಯಾಯಾಲಯದ ವಿಚ್ಛೇದನ ಆದೇಶ) ಮೇಲ್ಮನವಿಯೇ ಇಲ್ಲ ಎನ್ನುತ್ತದೆ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 19(2)ನೇ ಕಲಂ. ಒಪ್ಪಿಗೆಯ ಅರ್ಜಿ ಹಾಕಿದ ಮೇಲೆ ಕಾಯಿಸುವ ಆರು ತಿಂಗಳನ್ನು ಇದರೊಡನೆ ಗೊಂದಲ ಮಾಡಿಕೊಳ್ಳಬೇಡಿ. ಅದು ಡಿಕ್ರಿಗೆ ಮುಂಚಿನದು, 2017ರ ಸುಪ್ರೀಂ ಕೋರ್ಟಿನ ಅಮರದೀಪ್ ಸಿಂಗ್ ತೀರ್ಪಿನ ನಂತರ ಸೂಕ್ತ ಪ್ರಕರಣಗಳಲ್ಲಿ ಅದನ್ನೂ ಮನ್ನಾ ಮಾಡಬಹುದು.

ಜಗಳವಾಡಿ ಪಡೆದದ್ದಾದರೆ ಹಿಂದೂ ವಿವಾಹ ಕಾಯ್ದೆಯ 15ನೇ ಕಲಂನಂತೆ ಮೇಲ್ಮನವಿಯ ಗಡುವು ದಾಟಬೇಕು. ಹಿಂದೂ ವಿವಾಹ ಕಾಯ್ದೆಯಲ್ಲಿ 2003ರಿಂದ ಅದು 90 ದಿನ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಲ್ಲಿ 30 ಎಂದಿದೆ, ಅದನ್ನು ನಂಬಿ ಕೂರಬೇಡಿ. ದೃಢೀಕೃತ ನಕಲು ಸಿದ್ಧವಾಗಲು ಹಿಡಿದ ದಿನಗಳನ್ನು ಎದುರಾಳಿಯ ಗಡುವಿನಲ್ಲಿ ಎಣಿಸುವುದಿಲ್ಲ, ಆದ್ದರಿಂದ ಕ್ಯಾಲೆಂಡರಿನ 90 ಸಾಲದು. ಹೈಕೋರ್ಟಿನಲ್ಲಿ ಮೇಲ್ಮನವಿ ದಾಖಲಾಗಿದೆಯೇ ಎಂದು ವಕೀಲರಿಂದ ಹುಡುಕಿಸಿ, ಆಮೇಲೆ ಮಂಟಪಕ್ಕೆ ಮುಂಗಡ ಕೊಡಿ.

ಪ್ರಶ್ನೆ: ಗಂಡಸಿಗೆ ಇದ್ದತ್ ಉಂಟೇ?
– ಓದುಗರು, ಉಳ್ಳಾಲ

ಉತ್ತರ: ಇಲ್ಲ. ಆದರೆ ಹಿಂಪಡೆಯಬಹುದಾದ ತಲಾಕ್ ಕೊಟ್ಟವನು ಹೆಂಡತಿಯ ಇದ್ದತ್ ಮುಗಿಯುವವರೆಗೆ ಅವಳ ತಂಗಿಯನ್ನು ಮದುವೆಯಾಗುವಂತಿಲ್ಲ.