ದೊಡ್ಡವರ ಮೂಳೆಯೂ ಮೆತ್ತಗಾಗುತ್ತಾ? ಯಾಕೆ?

ನಿಮ್ಮ ಅಮ್ಮನಿಗೆ 52 ವರ್ಷ, ಸೊಂಟ ಮತ್ತು ತೊಡೆ ನೋವೆಂದು ತೋರಿಸಿದಾಗ ಡಾಕ್ಟರು ‘ಮೂಳೆ ಮೆತ್ತಗಾಗಿದೆ’ ಎಂದರು. ಇದು ಮಕ್ಕಳ ಕಾಯಿಲೆ ಅಲ್ವಾ, ಮುಂದೆ ಏನಾಗುತ್ತದೆ ಅಂತ ಕೇಳಿದ್ದೀರಿ. ದೊಡ್ಡವರಿಗೂ ಆಗುತ್ತದೆ. ಅದರ ಹೆಸರು ಆಸ್ಟಿಯೋಮಲೇಷಿಯಾ. ನಾನು ಡಾಕ್ಟರಲ್ಲ. ಆದರೆ ಉಡುಪಿ ಹತ್ತಿರ ಇರುವ ನನ್ನ ಚಿಕ್ಕಮ್ಮನ ಜೊತೆ ಎರಡು ವರ್ಷ ಇದೇ ವಿಷಯಕ್ಕೆ ಓಡಾಡಿದ್ದೇನೆ.

ಚಿಕ್ಕಮ್ಮ ಬೀಡಿ ಕಟ್ಟುವವರು. ಬೆಳಿಗ್ಗೆ ಗಂಜಿ ಉಂಡು, ತಡ್ಪೆಯನ್ನು (ಮೊರ) ಮಡಿಲಿಗೆ ಇಟ್ಟುಕೊಂಡು ಚಾವಡಿಯಲ್ಲಿ ಕೂತರೆ ಏಳುವುದು ಮಧ್ಯಾಹ್ನಕ್ಕೇ. ಬಿಸಿಲಿಗೆ ಬರುವುದು ಬ್ರಾಂಚಿಗೆ ಬೀಡಿ ಕೊಡಲು ಹೋಗುವಾಗ ಮಾತ್ರ, ಅದೂ ಕೊಡೆ ಹಿಡಿದು. ಮೊದಲು ಸೊಂಟ ನೋವು ಶುರುವಾಯಿತು. ಆಮೇಲೆ ತೊಡೆ, ಪಕ್ಕೆಲುಬು. ಊರಲ್ಲಿ ಎಲ್ಲರೂ ‘ವಾತ’ ಎಂದರು. ಎಣ್ಣೆ ತಿಕ್ಕಿದ್ದಾಯಿತು. ಒಂದು ಕಡೆ ಸಂಧಿವಾತ ಎಂದು ಆರು ತಿಂಗಳು ಮದ್ದು ಕೊಟ್ಟರು, ಏನೂ ಕಡಿಮೆಯಾಗಲಿಲ್ಲ.

ಇದು ಬರೀ ವಾತವಲ್ಲ ಎಂದು ನನಗೆ ಅನಿಸಿದ್ದು ಬಸ್ಸು ಹತ್ತುವಾಗ. ಚಿಕ್ಕಮ್ಮ ಎರಡೂ ಕೈಯಲ್ಲಿ ಕಂಬಿ ಹಿಡಿದು ಮೈಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಹಿಂದಿನಿಂದ ಕಂಡಕ್ಟರ್ ‘ಬೇಗ ಬೇಗ ಅಕ್ಕ’ ಎನ್ನುತ್ತಿದ್ದ. ಮನೆಯಲ್ಲಿ ಮಣೆಯಿಂದ ಏಳಲು ಮೊದಲು ನೆಲಕ್ಕೆ ಕೈ, ಆಮೇಲೆ ಮೊಣಕಾಲಿಗೆ ಕೈ, ಕೊನೆಗೆ ಗೋಡೆ. ನಡೆದರೆ ಬಾತುಕೋಳಿಯ ಹಾಗೆ ಅತ್ತಿತ್ತ ವಾಲಾಟ. ಸೊಂಟ, ತೊಡೆಯ ಸ್ನಾಯುಗಳು ಸೋಲುವುದು ಈ ಕಾಯಿಲೆಯ ದೊಡ್ಡ ಗುರುತು ಎಂದು ಆಗ ಗೊತ್ತಿರಲಿಲ್ಲ.

ಕೊನೆಗೆ ಸಿಕ್ಕಿದ ಡಾಕ್ಟರು ಮೊಣಕಾಲಿನ ಗಂಟನ್ನು ಹೆಚ್ಚು ನೋಡಲೇ ಇಲ್ಲ. ಅದರ ಕೆಳಗೆ ಮುಂದಿನ ಎಲುಬನ್ನು ಹೆಬ್ಬೆರಳಲ್ಲಿ ಒತ್ತಿದರು. ಚಿಕ್ಕಮ್ಮ ‘ಅಯ್ಯಮ್ಮಾ’ ಎಂದು ಕಾಲು ಎಳೆದುಕೊಂಡರು. ‘ನೋವು ಗಂಟಿನಲ್ಲಲ್ಲ, ಎಲುಬಿನಲ್ಲೇ ಇದೆ’ ಎಂದರು ಡಾಕ್ಟರು.

ನಮ್ಮ ಮೂಳೆ ಒಮ್ಮೆ ಬೆಳೆದು ಸುಮ್ನೆ ನಿಲ್ಲುವುದಿಲ್ಲ. ಹಳೆಯದು ಕರಗುತ್ತಾ, ಹೊಸದು ಕೂಡುತ್ತಾ ಇರುತ್ತದೆ. ಹೊಸ ಮೂಳೆ ಮೊದಲು ಮೆದುವಾದ ಪ್ರೋಟೀನಿನ ಹಂದರ. ಅದರ ಮೇಲೆ ಕ್ಯಾಲ್ಸಿಯಂ, ಫಾಸ್ಫೇಟ್ ಕೂತರೆ ಗಟ್ಟಿ. ಕೂರದಿದ್ದರೆ ಹಂದರ ಹಂದರವಾಗಿಯೇ ಉಳಿಯುತ್ತದೆ. ಇದೇ ತೊಂದರೆ ಮಕ್ಕಳಲ್ಲಿ ಆದರೆ ರಿಕೆಟ್ಸ್. ಎಲುಬು ಇನ್ನೂ ಬೆಳೆಯುತ್ತಿರುವುದರಿಂದ ಕಾಲು ಬಿಲ್ಲಿನಂತೆ ಬಾಗುತ್ತದೆ. ದೊಡ್ಡವರಲ್ಲಿ ಹಾಗೆ ಕಣ್ಣಿಗೆ ಕಾಣುವುದು ಕಡಿಮೆ. ಅದಕ್ಕೇ ಹಿಡಿಯಲು ತಡವಾಗುತ್ತದೆ.

ಇದನ್ನು ಆಸ್ಟಿಯೋಪೊರೋಸಿಸ್ ಜೊತೆ ಬೆರೆಸಬೇಡಿ. ಅಲ್ಲಿ ಇರುವ ಮೂಳೆ ಸರಿಯಾದದ್ದೇ, ಆದರೆ ಕಡಿಮೆ. ಮುರಿಯುವ ತನಕ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಮೂಳೆ ಸಾಂದ್ರತೆಯ ಸ್ಕ್ಯಾನಿನಲ್ಲಿ ಎರಡೂ ‘ಕಡಿಮೆ’ ಎಂದೇ ಬರಬಹುದು. ಮದ್ದು ಮಾತ್ರ ಬೇರೆ ಬೇರೆ.

ಕಾರಣಗಳಲ್ಲಿ ಮೊದಲನೆಯದು ವಿಟಮಿನ್ ಡಿ ಕೊರತೆ. ಅದಿಲ್ಲದೆ ಕರುಳು ಕ್ಯಾಲ್ಸಿಯಂ ಅನ್ನು ಸರಿಯಾಗಿ ಹೀರುವುದಿಲ್ಲ. ಬರೀ ಕ್ಯಾಲ್ಸಿಯಂ ಮಾತ್ರೆ ನುಂಗಿ ಚಿಕ್ಕಮ್ಮನಿಗೆ ಏನೂ ಆಗದಿದ್ದದ್ದು ಇದಕ್ಕೇ. ‘ಮಂಗಳೂರು, ಉಡುಪಿಯಲ್ಲಿ ಬಿಸಿಲಿಗೆ ಬರವಾ ಮಾರಾಯ್ರೆ’ ಅಂತ ನಾನೂ ಕೇಳಿದ್ದೆ. ಬಿಸಿಲು ಊರಲ್ಲಿದ್ದರೆ ಸಾಲದು, ಚರ್ಮಕ್ಕೆ ಬೀಳಬೇಕು, ವಿಟಮಿನ್ ಡಿ ತಯಾರಾಗುವುದು ಅಲ್ಲೇ. ಎಲ್ಲರೂ ಹೇಳುವ ಬೆಳಗಿನ ಎಳೆ ಬಿಸಿಲಲ್ಲಿ ಇದಕ್ಕೆ ಬೇಕಾದ ಕಿರಣ ತೀರಾ ಕಡಿಮೆ. ನೆತ್ತಿಯ ಹತ್ತಿರ ಸೂರ್ಯ ಬಂದಾಗಲೇ ಜಾಸ್ತಿ. ಕಿಟಕಿಯ ಗಾಜು ಅದನ್ನು ಒಳಗೆ ಬಿಡುವುದಿಲ್ಲ. ಕಪ್ಪು ಮೈಬಣ್ಣಕ್ಕೆ ಹೆಚ್ಚು ಹೊತ್ತು ಬೇಕು. ಮಳೆಗಾಲವಂತೂ ಬಿಡಿ. ಬೂತಾಯಿ, ಬಂಗುಡೆ ಮೀನಿನಲ್ಲಿ ಸ್ವಲ್ಪ ವಿಟಮಿನ್ ಡಿ ಇದೆ, ಆದರೆ ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೂ ರಜೆ!

ಚಿಕ್ಕಮ್ಮನಿಗೆ ಇನ್ನೊಂದು ಕಾರಣ ಇತ್ತು. ‘ಬೇರೆ ಯಾವ ಮಾತ್ರೆ ತಗೊಳ್ತೀರಿ’ ಎಂದು ಡಾಕ್ಟರು ಕೇಳಿದಾಗ ‘ಏನಿಲ್ಲ’ ಎಂದರು. ಫಿಟ್ಸಿಗೆ 20 ವರ್ಷದಿಂದ ಫೆನಿಟೋಯಿನ್ ನುಂಗುತ್ತಿದ್ದರು! ಅದು ದಿನದ ಅಭ್ಯಾಸ, ಮಾತ್ರೆ ಅಂತ ಅವರಿಗೆ ಅನಿಸಿಯೇ ಇರಲಿಲ್ಲ. ಆ ಮಾತ್ರೆ ಲಿವರಿನಲ್ಲಿ ವಿಟಮಿನ್ ಡಿ ಬೇಗ ಒಡೆದುಹೋಗುವಂತೆ ಮಾಡುತ್ತದೆ. ಹಾಗಂತ ಫಿಟ್ಸಿನ ಮಾತ್ರೆ ನೀವಾಗಿಯೇ ನಿಲ್ಲಿಸಬಾರದು.

ಕಿಡ್ನಿ, ಲಿವರ್ ಕಾಯಿಲೆ, ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ, ತೂಕ ಇಳಿಸುವ ಹೊಟ್ಟೆಯ ಸರ್ಜರಿ, ಹೆಪಟೈಟಿಸ್ ಬಿ ಅಥವಾ ಎಚ್‌ಐವಿಗೆ ಕೊಡುವ ಟೆನೋಫೋವಿರ್, ಅಲ್ಯೂಮಿನಿಯಂ ಇರುವ ಆಂಟಾಸಿಡ್ಡನ್ನು (ಗ್ಯಾಸಿನ ಮದ್ದು) ವರ್ಷಗಟ್ಟಲೆ ಕುಡಿಯುವುದು, ಇವೂ ಕಾರಣಗಳೇ. ಅಪರೂಪಕ್ಕೆ ಮೈಯಲ್ಲೆಲ್ಲೋ ಅಡಗಿದ ಸಣ್ಣ ಗಡ್ಡೆಯೊಂದು ಹಾರ್ಮೋನು ಸುರಿಸಿ, ಕಿಡ್ನಿಯಿಂದ ಫಾಸ್ಫೇಟ್ ಸೋರಿಹೋಗುವಂತೆ ಮಾಡುತ್ತದೆ. ವಿಟಮಿನ್ ಡಿ ಸರಿಹೋದರೂ ಫಾಸ್ಫೇಟ್ ಮೇಲೇಳದಿದ್ದರೆ ಡಾಕ್ಟರು ಅದನ್ನೂ ಹುಡುಕುತ್ತಾರೆ. ಗಡ್ಡೆ ಪೂರ್ತಿ ತೆಗೆದರೆ ಕಾಯಿಲೆಯೇ ಹೋಗುತ್ತದೆ.

ಬಿಟ್ಟರೆ ಏನಾಗುತ್ತದೆ? ಎಕ್ಸ್‌ರೇಯಲ್ಲಿ ಚಿಕ್ಕಮ್ಮನ ತೊಡೆಯೆಲುಬಿನ ಕತ್ತಿನಲ್ಲಿ ಉಗುರಲ್ಲಿ ಗೀರಿದಂಥ ಕಪ್ಪು ಗೆರೆ ಇತ್ತು. ಲೂಸರ್ ಝೋನ್ ಎನ್ನುತ್ತಾರೆ. ಬಿದ್ದದ್ದಿಲ್ಲ, ಪೆಟ್ಟಾದದ್ದಿಲ್ಲ. ಹಾಗೇ ಬಿಟ್ಟಿದ್ದರೆ ಪೂರ್ತಿ ಮುರಿಯಬಹುದಿತ್ತು. ರಕ್ತದಲ್ಲಿ ಈ ಕಾಯಿಲೆಯಲ್ಲಿ ಏರುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ತುಂಬಾ ಏರಿತ್ತು, ಫಾಸ್ಫೇಟ್ ಇಳಿದಿತ್ತು. ವಿಟಮಿನ್ ಡಿ 6 (ng/mL ಲೆಕ್ಕದಲ್ಲಿ). ಸಾಮಾನ್ಯವಾಗಿ 20ಕ್ಕಿಂತ ಕೆಳಗಿದ್ದರೇ ಕೊರತೆ ಎನ್ನುತ್ತಾರೆ.

ವಾರಕ್ಕೊಂದು 60,000 ಯೂನಿಟ್ಟಿನ ವಿಟಮಿನ್ ಡಿ ಪುಡಿ, ಜೊತೆಗೆ ಕ್ಯಾಲ್ಸಿಯಂ ಕೊಟ್ಟರು. ಫಿಟ್ಸಿನ ಮಾತ್ರೆ ಇದ್ದ ಕಾರಣ ಮಾಮೂಲಿ ಎಂಟು ವಾರಕ್ಕೆ ಮುಗಿಯಲಿಲ್ಲ, ಮುಂದುವರಿಸಿದರು. ಬೇಗ ವಾಸಿಯಾಗಲಿ ಎಂದು ಆ ಪುಡಿಯನ್ನು ದಿನಕ್ಕೊಂದು ತಗೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ ಶುರುವಾಗಬಹುದು, ಕಿಡ್ನಿಗೂ ಪೆಟ್ಟು. ಎರಡು ತಿಂಗಳಲ್ಲಿ ಚಿಕ್ಕಮ್ಮನ ನೋವು ಇಳಿಯಿತು. ಕಾಲಿಗೆ ಬಲ ಬರಲು ಇನ್ನೂ ಹೆಚ್ಚು ತಿಂಗಳು ಹಿಡಿಯಿತು. ಈಗ ಬಸ್ಸು ಹತ್ತುವಾಗ ಒಂದೇ ಕೈ ಸಾಕು.

ನಿಮ್ಮ ಅಮ್ಮನ ರಿಪೋರ್ಟಿನಲ್ಲಿ ಫಾಸ್ಫೇಟ್ ನೋಡಿದ್ದಾರಾ ಕೇಳಿ. ಮತ್ತೆ ಮುಂದಿನ ಸಲ ಹೋಗುವಾಗ ಬಾಯಲ್ಲಿ ಹೇಳುವುದು ಬೇಡ. ಮನೆಯಲ್ಲಿ ಅವರು ನುಂಗುವ ಮಾತ್ರೆಗಳನ್ನೆಲ್ಲ, ಗ್ಯಾಸಿನದ್ದೂ ಸೇರಿಸಿ, ಒಂದು ಚೀಲಕ್ಕೆ ಹಾಕಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ.