ಸೊರಾರಿಟಿ ರಿಕ್ರೂಟ್‌ಮೆಂಟ್‌ನಲ್ಲಿ ಸೇವೆಯ ಸುತ್ತು ಬರೀ ತೋರಿಕೆಯಾಗದಿರಲು ಏನು ಮಾಡಬೇಕು?

ಕೈಗೆ ಕೆಲಸ ಕೊಡಿ, ಮಾತು ಕಡಿಮೆ ಮಾಡಿ. ಅಮೆರಿಕದ ಎಷ್ಟೋ ಕಾಲೇಜುಗಳಲ್ಲಿ ಸೊರಾರಿಟಿಗಳು, ಅಂದರೆ ವಿದ್ಯಾರ್ಥಿನಿಯರ ಸಂಘಗಳು, ಹೊಸಬರನ್ನು ಸೇರಿಸಿಕೊಳ್ಳುವಾಗ ಒಂದು ಸುತ್ತನ್ನು ಸೇವೆಗೇ ಮೀಸಲಿಡುತ್ತವೆ. ಅಲ್ಲಿ ಒಂದು ವಿಡಿಯೋ, ಸಂಗ್ರಹಿಸಿದ ಡಾಲರ್ ಲೆಕ್ಕ, ಚಪ್ಪಾಳೆ, ಅಷ್ಟಕ್ಕೇ ಮುಗಿದರೆ ಬಂದ ಹುಡುಗಿಗೆ ಏನು ಉಳಿಯುತ್ತದೆ?

ನಿಮ್ಮ ಸಂಘದ ಉದ್ದೇಶದಿಂದಲೇ ಕೆಲಸ ಆರಿಸಿ. ಡೆಲ್ಟಾ ಗಾಮಾ ಎಂಬ ಸೊರಾರಿಟಿ 1936ರಿಂದ ದೃಷ್ಟಿದೋಷ ಇರುವವರಿಗಾಗಿ ಕೆಲಸ ಮಾಡುತ್ತಿದೆ, ಅವರು ಮುಟ್ಟಿ ಓದುವ ಮಕ್ಕಳ ಪುಸ್ತಕದ ಪುಟಗಳನ್ನು ಮಾಡಿಸಬಹುದು. ಆಲ್ಫಾ ಕೈ ಒಮೇಗಾದ ಕಾಳಜಿ ಕೌಟುಂಬಿಕ ಹಿಂಸೆ, ಅವರು ಆಶ್ರಯಧಾಮಕ್ಕೆ ಸೋಪು, ಟವೆಲ್, ಬ್ರಶ್ ಪ್ಯಾಕ್ ಮಾಡಿಸಬಹುದು. ಆದರೆ ಅದಕ್ಕೂ ಮೊದಲು ಆಶ್ರಯಧಾಮದವರಿಗೆ ಫೋನ್ ಮಾಡಿ ನಿಜವಾಗಿ ಏನು ಬೇಕು ಅಂತ ಕೇಳಿ, ಯಾಕೆಂದರೆ ಅವರಿಗೆ ಬೇಕಿರುವುದು ಡೈಪರ್ ಆಗಿದ್ದು ನೀವು ಸುಮ್ನೆ ಬಣ್ಣದ ಕಾರ್ಡ್ ರಾಶಿ ಹಾಕಿದರೆ ಅದನ್ನು ಇಡಲು ಜಾಗ ಹುಡುಕುವ ಕೆಲಸ ಅವರ ತಲೆಗೇ ಬರುತ್ತದೆ.

ಕೆಲಸ ಮಾಡುತ್ತಾ ಮಾತು ತಾನಾಗಿಯೇ ಸಲೀಸಾಗುತ್ತದೆ. ಆಶ್ರಯಧಾಮದಂಥ ಕಡೆ ಹೋಗಿ ಬಂದ ಸದಸ್ಯೆಯೇ ಮಾತಾಡಲಿ, ಬಾಯಿಪಾಠ ಬೇಡ. ನೆರವು ಪಡೆದವರ ಹೆಸರು, ಫೋಟೋ, ಕಣ್ಣೀರಿನ ಕಥೆ ಖಂಡಿತ ಬೇಡ.

ಇನ್ನೊಂದು ಮಾತು. "ಎಷ್ಟು ಗಂಟೆ ಸೇವೆ ಮಾಡಿದ್ದೀಯ?" ಅಂತ ಕೇಳಬೇಡಿ. ಫೀಸಿಗಾಗಿ ಸಂಜೆ ಕೆಲಸಕ್ಕೆ ಹೋಗುವ, ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳುವ ಹುಡುಗಿಯರೂ ಬಂದಿರುತ್ತಾರೆ ಅಲ್ವಾ? ಯಾವ ವಿಷಯ ಅವಳ ಮನಸ್ಸಿಗೆ ಹತ್ತಿರ ಅಂತ ಕೇಳಿ. ಹೊಸಬರು ಸೇರಿದ ಮೊದಲ ತಿಂಗಳಲ್ಲೇ ಅದೇ ಆಶ್ರಯಧಾಮದಲ್ಲೋ ಶಾಲೆಯಲ್ಲೋ ಒಂದು ದಿನದ ಕೆಲಸವನ್ನು ಈಗಲೇ ಗೊತ್ತುಮಾಡಿ, ದಿನಾಂಕವನ್ನು ಆ ಸುತ್ತಿನಲ್ಲೇ ಹೇಳಿಬಿಡಿ.