ಸ್ಟೇಟಸ್ಸಿನಲ್ಲಿ ಬೈಬಲ್ ವಚನ ಇದೆ, ಮನಸ್ಸು ಮಾತ್ರ ನಿಲ್ಲುತ್ತಿಲ್ಲ: ಇದು ನಂಬಿಕೆಯಾ?

ದಿನಾ ಬೆಳಿಗ್ಗೆ ವಚನದ ಸ್ಟೇಟಸ್ ಹಾಕುತ್ತೀರಿ, ಬಸ್ಸಿನಲ್ಲಿ ಪಾದ್ರಿಗಳ ಪ್ರಸಂಗ ಕೇಳುತ್ತೀರಿ, ಭಾನುವಾರದ ಆರಾಧನೆ ತಪ್ಪಿಸುವುದಿಲ್ಲ, ಆದರೂ ಒಳಗೆಲ್ಲ ಖಾಲಿ ಅನ್ನಿಸುತ್ತದೆ, ಇದನ್ನು ನಂಬಿಕೆ ಅನ್ನಬಹುದಾ ಅಂತ ಕೇಳಿದ್ದೀರಿ. ನಾನು ಪಾದ್ರಿಯಲ್ಲ. ಶಿಡ್ಲಘಟ್ಟದ ಹತ್ತಿರ ರೇಷ್ಮೆ ಹುಳ ಸಾಕುವವನು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವನು. ಇದೇ ಪ್ರಶ್ನೆ ನನ್ನನ್ನೂ ಕಾಡಿದ್ದರಿಂದ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದೆವು. ರಾತ್ರಿ ಹಾಸಿಗೆ ಪಕ್ಕ ಸ್ಟೂಲಿನ ಮೇಲೆ ಕೂತು ಒಂದೊಂದೇ ವಾಟ್ಸಾಪ್ ಗ್ರೂಪಿಗೆ "ಅಮ್ಮನಿಗೋಸ್ಕರ ಪ್ರಾರ್ಥಿಸಿ" ಅಂತ ಕಳಿಸುತ್ತಿದ್ದೆ. ಆಮೆನ್ ಮೇಲೆ ಆಮೆನ್ ಬರುತ್ತಿತ್ತು, ಪ್ರತಿಯೊಬ್ಬರಿಗೂ ಕೈಮುಗಿದ ಚಿತ್ರ ಹಾಕುತ್ತಿದ್ದೆ. ತಲೆ ಎತ್ತಿ ನೋಡಿದರೆ, ಪಕ್ಕದ ಹಾಸಿಗೆಯವರ ಜೊತೆಗಿದ್ದ ಮುಸ್ಲಿಂ ಹೆಂಗಸೊಬ್ಬರು ಅಮ್ಮನ ಕತ್ತಿನ ಕೆಳಗೆ ಕೈ ಕೊಟ್ಟು ಎತ್ತಿ, ಸ್ಟೀಲ್ ಲೋಟದಲ್ಲಿ ಗುಟುಕು ಗುಟುಕಾಗಿ ನೀರು ಕುಡಿಸುತ್ತಿದ್ದರು. "ಆವಾಗ್ಲಿಂದ ಕೇಳ್ತಾ ಇದಾರೆ ಕಣಪ್ಪ" ಅಂದರು, ಮೆಲ್ಲಗೆ. ನನಗೆ ಕೇಳಿಸಿರಲೇ ಇಲ್ಲ.

ಅಲ್ಲಿಂದಾಚೆಗೆ ಲೂಕನ ಸುವಾರ್ತೆಯ 10ನೇ ಅಧ್ಯಾಯ ತೆಗೆದರೆ ಆ ಲೋಟ ಕಣ್ಣ ಮುಂದೆ ಬರುತ್ತದೆ. ಅಲ್ಲಿ ಯೇಸು ಹೇಳುವ ಕಥೆಯಲ್ಲಿ, ಯೆರಿಕೋವಿನ ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನನ್ನು ದೇವಾಲಯದ ಯಾಜಕನೂ ಅಲ್ಲಿನ ಸೇವೆಯವನಾದ ಲೇವಿಯನೂ ನೋಡುತ್ತಾರೆ, ಆಚೆ ಬದಿಯಿಂದ ಹೋಗುತ್ತಾರೆ. ಯೆಹೂದ್ಯರು ದೂರ ಇಟ್ಟಿದ್ದ ಸಮಾರ್ಯದವನೇ ನಿಂತು ಗಾಯ ಕಟ್ಟುತ್ತಾನೆ. ಅದರ ಬೆನ್ನಿಗೇ ಮಾರ್ಥಳ ಮನೆಯ ಕಥೆ. ಮರಿಯಳು ಯೇಸುವಿನ ಪಾದದ ಬಳಿ ಕೂತು ಕೇಳುತ್ತಾಳೆ, ಮಾರ್ಥಳು ಹತ್ತು ಕೆಲಸಗಳ ನಡುವೆ ಚದುರಿಹೋಗಿದ್ದಾಳೆ. ಮೊಬೈಲ್ ಇಲ್ಲದ ಕಾಲದಲ್ಲೇ! ಮೊದಲನೆಯದನ್ನು ಸೇವೆಗೆ, ಎರಡನೆಯದನ್ನು ಪ್ರಾರ್ಥನೆಗೆ ಅಂತ ಪ್ರಸಂಗಗಳಲ್ಲಿ ಹಂಚುವುದನ್ನು ಕೇಳಿದ್ದೇನೆ. ಹಾಗೆ ಹಂಚುವುದು ನನಗೆ ಒಪ್ಪಿಗೆಯಿಲ್ಲ. ಸಮಾರ್ಯದವನೂ ಮರಿಯಳೂ ಮಾಡಿದ್ದು ಒಂದೇ. ಎದುರಿಗಿದ್ದವರ ಹತ್ತಿರ ಪೂರ್ತಿಯಾಗಿ ನಿಂತರು.

ನಮ್ಮ ಹುಳದ ಮನೆಯಲ್ಲಿ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ರೇಷ್ಮೆ ಹುಳಕ್ಕೆ 4 ಸಲ ಜ್ವರ ಬರುತ್ತದೆ, ಅಂದರೆ ಪೊರೆ ಬಿಡುತ್ತದೆ. ಜ್ವರಕ್ಕೆ ಕೂತಾಗ ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ, ಏನೂ ತಿನ್ನುವುದಿಲ್ಲ. ಆಗ ನಾವು ಸುಣ್ಣದ ಪುಡಿ ಉದುರಿಸಿ ಹಿಪ್ಪುನೇರಳೆ ಸೊಪ್ಪು ಹಾಕುವುದನ್ನು ನಿಲ್ಲಿಸುತ್ತೇವೆ, ಯಾರನ್ನೂ ಮುಟ್ಟಗೊಡುವುದಿಲ್ಲ. ನಾಲ್ಕನೇ ಜ್ವರ ಬಿಟ್ಟು ಎದ್ದ ಮೇಲೆ ಸುಮಾರು ಒಂದು ವಾರ ಹಗಲುರಾತ್ರಿ ಮೇಯ್ದು, ಹಣ್ಣಾಗಿ, ಅಂದರೆ ನೂಲು ಬಿಡಲು ಸಿದ್ಧವಾಗಿ, ಚಂದ್ರಿಕೆ ಅನ್ನುವ ತಟ್ಟೆಯಲ್ಲಿ ಗೂಡು ಕಟ್ಟುತ್ತದೆ. ಜ್ವರ ಸರಿಯಾಗಿ ಬಿಡದ ಹುಳ ಅಲ್ಲಿಯವರೆಗೆ ಬರುವುದಿಲ್ಲ. ವಚನ, ಪ್ರಸಂಗ, ಹಾಡು, ಇವೆಲ್ಲ ಒಳ್ಳೆಯ ಸೊಪ್ಪೇ. ನಿಮಗೂ ನನಗೂ ಸೊಪ್ಪಿಗೆ ಕೊರತೆಯಿಲ್ಲ, ಕೂತಿದ್ದು ಕಡಿಮೆ.

ಯೇಸುವೂ ಹಾಗೆ ಕೂತವನೇ. ಮಾರ್ಕನ ಸುವಾರ್ತೆಯ 1ನೇ ಅಧ್ಯಾಯದಲ್ಲಿ, ರೋಗಿಗಳನ್ನು ಕರೆತಂದು ಊರಿಗೆ ಊರೇ ಬಾಗಿಲಲ್ಲಿ ನೆರೆದ ಮಾರನೆಯ ದಿನ, ಇನ್ನೂ ಕತ್ತಲಿರುವಾಗಲೇ ಯೇಸು ಒಬ್ಬನೇ ನಿರ್ಜನ ಜಾಗಕ್ಕೆ ಹೋಗಿ ಪ್ರಾರ್ಥಿಸುತ್ತಾನೆ. ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಅಂತ ಶಿಷ್ಯ ಸೀಮೋನ ಬಂದು ಕರೆಯುತ್ತಾನೆ. ಅಲ್ಲಿಂದ ಎದ್ದವನು ಅಕ್ಕಪಕ್ಕದ ಊರುಗಳಿಗೆ ಹೊರಡುತ್ತಾನೆ.

ಮನಸ್ಸು ಓಡುತ್ತದೆ ಅಂತ ನಿಮ್ಮದು ಸುಳ್ಳು ನಂಬಿಕೆ ಆಗಿಬಿಡುವುದಿಲ್ಲ. ಬೈಬಲಿನ ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ನಂಬಿಕೆಗಿರುವ ಪಿಸ್ಟಿಸ್ ಎಂಬ ಪದಕ್ಕೆ ನಂಬಿಗಸ್ತಿಕೆ ಅನ್ನುವ ಅರ್ಥವೂ ಇದೆ. ಬಿಟ್ಟುಹೋದವರು ಮತ್ತೆ ಬಂದು ಕೂರುವುದೂ ಅದರಲ್ಲಿ ಸೇರಿದೆ. ನಾನು ಬೆಳಿಗ್ಗೆ ಸೊಪ್ಪು ಕೊಯ್ಯುವ ಮುಂಚೆ ಫೋನನ್ನು ಒಳಮನೆಯಲ್ಲಿ ಬಿಟ್ಟು ಕರ್ತನ ಪ್ರಾರ್ಥನೆ ನಿಧಾನವಾಗಿ ಹೇಳುತ್ತೇನೆ. "ನಮ್ಮ ಅನುದಿನದ ಆಹಾರ" ಅನ್ನುವ ಹೊತ್ತಿಗೆ ಮನಸ್ಸು ಮಾರ್ಕೆಟ್ಟಿನ ಗೂಡಿನ ರೇಟಿಗೆ ಹೋಗಿರುತ್ತದೆ. ಮತ್ತೆ "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಮೊದಲಿಂದ ಶುರು ಮಾಡುತ್ತೇನೆ.

ನೀವೂ ನಾಳೆ ಒಂದು ದಿನ ವಚನವನ್ನು ಸ್ಟೇಟಸ್ಸಿಗೆ ಹಾಕದೆ ಮನೆಯಲ್ಲಿ ಯಾರಿಗಾದರೂ ಓದಿ ಹೇಳಿ ನೋಡಿ. ಅಮ್ಮ ಈಗ ಮನೆಯಲ್ಲಿದ್ದಾಳೆ, ಕಣ್ಣು ಮಂಜು. ಸಂಜೆ ನಾನೇ ಬೈಬಲಿನ ಕೀರ್ತನೆ ಓದುತ್ತೇನೆ. ಅವಸರದಲ್ಲಿ ಒಂದು ಸಾಲು ನುಂಗಿದರೆ ಅವಳಿಗೆ ತಕ್ಷಣ ಗೊತ್ತಾಗುತ್ತದೆ. "ಅದನ್ನ ಇನ್ನೊಂದ್ಸಲ ಓದಪ್ಪ" ಅನ್ನುತ್ತಾಳೆ.